ಮುಟ್ಟದೇ ಉಳಿದ ಎರಡನೆಯ ಬೇಸ್: 1908ರ ಚಿಕಾಗೊ ಕಬ್ಸ್ ತಂಡದ ಗೆಲುವು ನ್ಯಾಯವಾದದ್ದೇ?

ಪ್ರಶ್ನೆ: ನಾನು ಕ್ರಿಕೆಟ್ ನೋಡಿಕೊಂಡು ಬೆಳೆದವನು, ಬೇಸ್‌ಬಾಲ್ ನನಗೆ ಹೊಸದು. 1908ರಲ್ಲಿ ನ್ಯೂಯಾರ್ಕ್ ಜಯಂಟ್ಸ್ ತಂಡದ ಮರ್ಕಲ್ ಎಂಬ ಹುಡುಗ ಒಂದು ಬೇಸ್ ಮುಟ್ಟಲು ಮರೆತದ್ದರಿಂದ ಗೆದ್ದ ಪಂದ್ಯವೇ ರದ್ದಾಗಿ, ಚಿಕಾಗೊ ಕಬ್ಸ್ ತಂಡಕ್ಕೆ ಪ್ರಶಸ್ತಿ ದಕ್ಕಿತೆಂದು ಓದಿದೆ. ಗೆಲುವಿನ ರನ್ ಬಂದ ಮೇಲೆ ಇನ್ನೊಬ್ಬ ಓಟಗಾರ ಎಲ್ಲಿದ್ದರೇನು? ಅದು ನ್ಯಾಯವಾದ ತೀರ್ಪೇ? ಕಬ್ಸ್ ತಂಡಕ್ಕೆ ಆ ವರ್ಷದ ಪ್ರಶಸ್ತಿ ಬರೀ ಅದೃಷ್ಟದಿಂದ ಬಂತೇ? ಆ ಹುಡುಗನ ಗತಿ ಏನಾಯಿತು?

ಉತ್ತರ: ನೀವು ಕ್ರಿಕೆಟ್ ಬಲ್ಲವರಾದ್ದರಿಂದ ನಿಮ್ಮ ಮೊದಲ ಪ್ರಶ್ನೆಗೆ ಅಲ್ಲಿಂದಲೇ ಉತ್ತರ ಹೇಳುವುದು ಸುಲಭ. ಕ್ರಿಕೆಟ್‌ನಲ್ಲಿ ಗೆಲುವಿಗೆ ಒಂದು ರನ್ ಬೇಕಿದ್ದಾಗ ಒಬ್ಬ ಬ್ಯಾಟ್ಸ್‌ಮನ್ ಆಚೆಯ ಕ್ರೀಸ್ ತಲುಪಿದರೂ ಇನ್ನೊಬ್ಬ ತನ್ನ ಕ್ರೀಸ್ ಸೇರುವ ಮೊದಲೇ ರನ್ ಔಟ್ ಆದರೆ ಆ ರನ್ ಲೆಕ್ಕಕ್ಕೆ ಬರುವುದಿಲ್ಲ. ಓಟ ಇಬ್ಬರದೂ ಸೇರಿದರೆ ಮಾತ್ರ ಒಂದು ರನ್. ಬೇಸ್‌ಬಾಲ್‌ನ ನಿಯಮವೂ ಇದಕ್ಕೆ ಬಹಳ ಹತ್ತಿರದ್ದು. ಬ್ಯಾಟ್ ಬೀಸುವ ಜಾಗವಾದ ಹೋಮ್ ಪ್ಲೇಟಿನಿಂದ ಹೊರಟು, ಬೇಸ್ ಎಂದು ಕರೆಯುವ ಮೂರು ಗುರುತುಗಳನ್ನು ಸರದಿಯಂತೆ ಮುಟ್ಟಿ, ಮತ್ತೆ ಹೋಮ್ ಪ್ಲೇಟಿಗೆ ಬಂದರೆ ಅಲ್ಲಿ ಒಂದು ರನ್. ಅಲ್ಲಿ ಒಂದು ಬೇಸ್‌ನಲ್ಲಿ ಇಬ್ಬರು ಓಟಗಾರರು ನಿಲ್ಲುವಂತಿಲ್ಲ. ಬ್ಯಾಟ್ ಬೀಸಿದವನು ಚೆಂಡನ್ನು ನೆಲಕ್ಕೆ ಬೀಳುವಂತೆ ಹೊಡೆದು ಮೊದಲನೆಯ ಬೇಸ್‌ನತ್ತ ಓಡಿದಾಗ, ಆಗಲೇ ಅಲ್ಲಿ ನಿಂತಿದ್ದವನು ಜಾಗ ಬಿಟ್ಟು ಎರಡನೆಯದಕ್ಕೆ ಹೋಗಲೇಬೇಕು. ಅವನು ಅಲ್ಲಿಗೆ ಮುಟ್ಟುವ ಮೊದಲು ಎದುರಾಳಿ ಆಟಗಾರನೊಬ್ಬ ಚೆಂಡನ್ನು ಕೈಯಲ್ಲಿ ಹಿಡಿದು ಎರಡನೆಯ ಬೇಸ್ ತುಳಿದರೆ ಸಾಕು, ಓಟಗಾರ ಔಟ್. ಅವನ ಮೈ ಮುಟ್ಟಿಸಬೇಕಾದ ಅಗತ್ಯವೂ ಇಲ್ಲ. ಇದನ್ನು ಫೋರ್ಸ್ ಔಟ್ ಎನ್ನುತ್ತಾರೆ. ಇನಿಂಗ್ಸ್‌ನ ಮೂರನೆಯ, ಅಂದರೆ ಕೊನೆಯ ಔಟ್ ಈ ಬಗೆಯದಾದರೆ, ಅದೇ ಹೊಡೆತದಲ್ಲಿ ಮೂರನೆಯ ಬೇಸ್‌ನಿಂದ ಹೋಮ್ ಪ್ಲೇಟಿಗೆ ಓಡಿ ಬಂದವನ ರನ್ ಎಷ್ಟೇ ಮೊದಲು ಪೂರ್ಣಗೊಂಡಿದ್ದರೂ ಅದನ್ನು ಎಣಿಸುವುದಿಲ್ಲ. 1908ರಲ್ಲಿ ನಿಯಮ ಪುಸ್ತಕದಲ್ಲಿ ಇದ್ದದ್ದು ಇದೇ. ಇಂದಿಗೂ ಇರುವುದು ಇದೇ.

ನಿಯಮ ಇಷ್ಟು ಸ್ಪಷ್ಟವಿದ್ದ ಮೇಲೆ ಗದ್ದಲವೇಕೆ ಎಂದು ನೀವು ಕೇಳಬಹುದು. ನಿಯಮದ ಪಕ್ಕದಲ್ಲೇ ಒಂದು ರೂಢಿ ಬೆಳೆದಿತ್ತು. ಆ ಕಾಲದಲ್ಲಿ ಪಂದ್ಯ ಮುಗಿದೊಡನೆ ಪ್ರೇಕ್ಷಕರು ಮೈದಾನಕ್ಕೇ ಇಳಿದು, ಆಟದ ಅಂಕಣವನ್ನೇ ದಾಟಿಕೊಂಡು ಹೊರಗೆ ಹೋಗುತ್ತಿದ್ದರು. ನ್ಯೂಯಾರ್ಕಿನ ಪೋಲೊ ಗ್ರೌಂಡ್ಸ್‌ನಲ್ಲಿ ಆಟಗಾರರ ಕೊಠಡಿ ಇದ್ದದ್ದು ಮೈದಾನದ ಹಿಂಬದಿಯಲ್ಲಿ, ಅಂದರೆ ಹೋಮ್ ಪ್ಲೇಟಿನಿಂದ ಅತ್ಯಂತ ದೂರದ ತುದಿಯಲ್ಲಿ. ಹಾಗಾಗಿ ಗೆಲುವಿನ ಹೊಡೆತ ಬಿದ್ದ ಕೂಡಲೇ ಉಳಿದ ಓಟಗಾರರು ಮುಂದಿನ ಬೇಸ್ ಮುಟ್ಟುವ ಗೋಜಿಗೆ ಹೋಗದೆ ಜನಸಾಗರ ನುಗ್ಗುವ ಮೊದಲೇ ಕೊಠಡಿಯತ್ತ ಓಡುತ್ತಿದ್ದರು. ಎದುರಾಳಿಗಳು ಅಪೀಲು ಮಾಡುತ್ತಿರಲಿಲ್ಲ, ಅಂಪೈರ್‌ಗಳು ನೋಡುತ್ತಿರಲಿಲ್ಲ. ಮರ್ಕಲ್ ಮಾಡಿದ್ದು ಹಿರಿಯ ಆಟಗಾರರು ಮಾಡುವುದನ್ನು ಅವನು ನೋಡಿ ಕಲಿತದ್ದನ್ನೇ. ಈ ಮಾತು ಗಮನದಲ್ಲಿರಲಿ, ಏಕೆಂದರೆ ಆ ಋತುವಿನ ಕಥೆಯನ್ನು ಹೇಳುವವರು ಹೆಚ್ಚಾಗಿ ಬಿಟ್ಟುಬಿಡುವುದು ಇದನ್ನೇ.

ಅವರು ಬಿಟ್ಟುಬಿಡುವ ಇನ್ನೊಂದು ಸಂಗತಿಯೂ ಇದೆ, ಮತ್ತು ನನ್ನ ಮಟ್ಟಿಗೆ 1908ರ ಕಬ್ಸ್ ತಂಡದ ಕಥೆಯ ಬೀಗದ ಕೈ ಅದೇ. ಮರ್ಕಲ್ ಪ್ರಸಂಗಕ್ಕೆ ಹತ್ತೊಂಬತ್ತು ದಿನ ಮೊದಲು, ಸೆಪ್ಟೆಂಬರ್ 4ರಂದು, ಪಿಟ್ಸ್‌ಬರ್ಗ್‌ನಲ್ಲಿ ಕಬ್ಸ್ ತಂಡ ಪೈರೇಟ್ಸ್ ತಂಡದ ಎದುರು ಆಡುತ್ತಿತ್ತು. ಪಂದ್ಯದ ನಿಗದಿತ ಒಂಬತ್ತು ಇನಿಂಗ್ಸ್ ಮುಗಿದರೂ ಎರಡೂ ಕಡೆ ಒಂದು ರನ್ ಕೂಡ ಬಂದಿರಲಿಲ್ಲ. ಹತ್ತನೆಯ ಇನಿಂಗ್ಸ್‌ನಲ್ಲಿ ಇಬ್ಬರು ಔಟ್ ಆಗಿದ್ದು, ಮೂರೂ ಬೇಸ್‌ಗಳಲ್ಲಿ ಪೈರೇಟ್ಸ್ ಓಟಗಾರರಿದ್ದಾಗ, ಓವೆನ್ ವಿಲ್ಸನ್ ಹೊಡೆದ ಚೆಂಡಿಗೆ ನಾಯಕ ಫ್ರೆಡ್ ಕ್ಲಾರ್ಕ್ ಮೂರನೆಯ ಬೇಸ್‌ನಿಂದ ಓಡಿ ಬಂದು ಗೆಲುವಿನ ರನ್ ಗಳಿಸಿದರು. ಮೊದಲನೆಯ ಬೇಸ್‌ನಲ್ಲಿದ್ದ ವಾರೆನ್ ಗಿಲ್ ಎಂಬ ಹೊಸ ಆಟಗಾರ ಎರಡನೆಯದನ್ನು ಮುಟ್ಟದೆ ಅರ್ಧದಲ್ಲೇ ತಿರುಗಿದ. ಕಬ್ಸ್ ತಂಡದ ಎರಡನೆಯ ಬೇಸ್ ಕಾಯುತ್ತಿದ್ದ ಜಾನಿ ಎವರ್ಸ್ ಅದನ್ನು ಕಂಡು, ಚೆಂಡು ತರಿಸಿಕೊಂಡು, ಬೇಸ್ ತುಳಿದು, ಅಂಪೈರ್ ಹ್ಯಾಂಕ್ ಓಡೇ ಅವರ ಮುಂದೆ ಅಪೀಲು ಮಾಡಿದರು. ಆ ದಿನ ಮೈದಾನದಲ್ಲಿ ಇದ್ದದ್ದು ಓಡೇ ಒಬ್ಬರೇ ಅಂಪೈರ್. ತಾವು ಅದನ್ನು ನೋಡಲಿಲ್ಲವೆಂದು ಅವರು ರನ್ನನ್ನು ಮಾನ್ಯ ಮಾಡಿದರು. ಕಬ್ಸ್ ಸಲ್ಲಿಸಿದ ದೂರನ್ನು, ಈ ತಂಡಗಳೆಲ್ಲ ಆಡುತ್ತಿದ್ದ ನ್ಯಾಷನಲ್ ಲೀಗ್‌ನ ಅಧ್ಯಕ್ಷ ಹ್ಯಾರಿ ಪುಲ್ಲಿಯಂ ತಳ್ಳಿಹಾಕಿದರು.

ಕಬ್ಸ್ ಆ ಪಂದ್ಯವನ್ನು ಸೋತಿತು. ಆದರೆ ಆ ಸೋಲು ಇಬ್ಬರ ಮನಸ್ಸಿನಲ್ಲಿ ಉಳಿಯಿತು. ಎವರ್ಸ್ ಅವರಿಗೆ ತಮ್ಮ ವಾದ ನಿಯಮದ ಪ್ರಕಾರ ಸರಿಯೆಂಬುದು ಮೊದಲೇ ಗೊತ್ತಿತ್ತು. ಸಣಕಲು ಮೈಯ, ಸದಾ ಜಗಳಕ್ಕೆ ಸಿದ್ಧವಿರುವ, ನಿಯಮ ಪುಸ್ತಕವನ್ನು ಓದಿ ಓದಿ ಅರಗಿಸಿಕೊಂಡಿದ್ದ ಆಟಗಾರ ಅವರು. ಇನ್ನೊಬ್ಬರು ಓಡೇ. ಅವರೊಳಗೆ ಏನು ನಡೆಯಿತೆಂಬುದನ್ನು ಅವರ ಮುಂದಿನ ನಡೆಯೇ ತೋರಿಸುತ್ತದೆ, ಏಕೆಂದರೆ ಸೆಪ್ಟೆಂಬರ್ 23ರಂದು ಪೋಲೊ ಗ್ರೌಂಡ್ಸ್‌ನಲ್ಲಿ ಹೋಮ್ ಪ್ಲೇಟಿನ ಹಿಂದೆ ನಿಂತಿದ್ದವರು ಅವರೇ.

ಆ ದಿನಕ್ಕೆ ಬರುವ ಮೊದಲು ಈ ತಂಡ ಎಂಥದ್ದೆಂದು ಹೇಳಬೇಕು. ಇಲ್ಲದಿದ್ದರೆ ‘ಅದೃಷ್ಟ’ ಎಂಬ ನಿಮ್ಮ ಮಾತಿಗೆ ಉತ್ತರ ಸಿಕ್ಕುವುದಿಲ್ಲ. 1906ರಲ್ಲಿ ಕಬ್ಸ್ 116 ಪಂದ್ಯ ಗೆದ್ದು 36ನ್ನು ಮಾತ್ರ ಸೋತಿತ್ತು. ಅಷ್ಟು ಗೆಲುವುಗಳನ್ನು ಮತ್ತೊಂದು ತಂಡ ಕಂಡದ್ದು 2001ರಲ್ಲಿ, ಅದೂ ಹತ್ತು ಪಂದ್ಯ ಹೆಚ್ಚಿಗೆ ಆಡಿದ ಮೇಲೆ. 1906ರ ವರ್ಲ್ಡ್ ಸೀರೀಸ್‌ನಲ್ಲಿ, ಅಂದರೆ ಎರಡು ಲೀಗ್‌ಗಳ ವಿಜೇತರ ನಡುವಿನ ಅಂತಿಮ ಸರಣಿಯಲ್ಲಿ, ತಮ್ಮದೇ ಊರಿನ ವೈಟ್ ಸಾಕ್ಸ್ ಎದುರು ಸೋತರೂ, 1907ರಲ್ಲಿ 107 ಗೆಲುವುಗಳೊಂದಿಗೆ ಬಂದು ಡೆಟ್ರಾಯಿಟ್ ಟೈಗರ್ಸ್ ತಂಡವನ್ನು ಮಣಿಸಿ ಕಿರೀಟ ಧರಿಸಿದರು. ಫ್ರ್ಯಾಂಕ್ ಚಾನ್ಸ್ ತಂಡದ ಮ್ಯಾನೇಜರ್. ಮೊದಲನೆಯ ಬೇಸ್‌ನಲ್ಲಿ ಆಡುತ್ತಿದ್ದವರೂ ಅವರೇ. ಅವರೊಂದಿಗೆ ಎರಡನೆಯ ಬೇಸ್‌ನಲ್ಲಿ ಎವರ್ಸ್, ಎರಡನೆಯ ಮತ್ತು ಮೂರನೆಯ ಬೇಸ್‌ಗಳ ನಡುವೆ ಜೋ ಟಿಂಕರ್. ಎವರ್ಸ್ ಮತ್ತು ಟಿಂಕರ್ 1905ರಲ್ಲಿ ಒಂದು ಬಾಡಿಗೆ ಗಾಡಿಯ ವಿಷಯಕ್ಕೆ ಜಗಳವಾಡಿ ವರ್ಷಗಟ್ಟಲೆ ಪರಸ್ಪರ ಮಾತನಾಡಲಿಲ್ಲ, ಆದರೆ ಮೈದಾನದಲ್ಲಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಚೆಂಡು ತಪ್ಪದೆ ಹೋಗುತ್ತಿತ್ತು.

ಇವರೆಲ್ಲರಿಗಿಂತ ನನ್ನನ್ನು ಹೆಚ್ಚು ಸೆಳೆಯುವವರು ಪಿಚರ್, ಅಂದರೆ ಚೆಂಡೆಸೆಯುವ ಆಟಗಾರ, ಮೋರ್ಡೆಕೈ ಬ್ರೌನ್. ಇಂಡಿಯಾನಾ ರಾಜ್ಯದ ಹಳ್ಳಿಗಾಡಿನಲ್ಲಿ ಹುಟ್ಟಿದ ಬ್ರೌನ್ ಬಾಲ್ಯದಲ್ಲಿ ಜಾನುವಾರು ಮೇವು ಕತ್ತರಿಸುವ ಯಂತ್ರಕ್ಕೆ ಬಲಗೈ ಸಿಕ್ಕಿಸಿಕೊಂಡು ತೋರುಬೆರಳಿನ ಬಹುಭಾಗ ಕಳೆದುಕೊಂಡರು. ಮಧ್ಯದ ಬೆರಳು ಸೊಟ್ಟಗಾಯಿತು. ದೊಡ್ಡವರಾದ ಮೇಲೆ ಕಲ್ಲಿದ್ದಲ ಗಣಿಯಲ್ಲಿ ದುಡಿದರು. ಆ ಮುರುಕು ಕೈಯಿಂದ ಹೊರಟ ಚೆಂಡು ಗಾಳಿಯಲ್ಲಿ ಯಾರೂ ಎಣಿಸದ ರೀತಿಯಲ್ಲಿ ತಿರುಗಿ ಕೆಳಗೆ ಇಳಿಯುತ್ತಿತ್ತು. 1908ರಲ್ಲಿ ಬ್ರೌನ್ ಅವರ ಹೆಸರಿನಲ್ಲಿ 29 ಗೆಲುವುಗಳಿದ್ದವು, ಸೋಲು ಒಂಬತ್ತೇ. ಎಡ್ ರೂಲ್‌ಬಾಕ್ 24 ಗೆಲುವುಗಳನ್ನು ಸೇರಿಸಿದರು. ಒಂದೇ ಚೆಂಡನ್ನು ಮಣ್ಣಾಗಿ ಮೆತ್ತಗಾಗುವವರೆಗೂ ಬಳಸುತ್ತಿದ್ದ, ಪಿಚರ್ ಅದಕ್ಕೆ ಉಗುಳು ಹಚ್ಚುವುದಕ್ಕೂ ಅಡ್ಡಿಯಿಲ್ಲದಿದ್ದ ಕಾಲವದು. ರನ್ ಎಂಬುದು ಅಪರೂಪದ ವಸ್ತು. ಹಾಗಿದ್ದಾಗ ಇಂಥ ಪಿಚರ್‌ಗಳೂ, ಕೈಗೆ ಬಂದ ಚೆಂಡನ್ನು ಬಿಡದ ಕ್ಷೇತ್ರರಕ್ಷಕರೂ ಇರುವ ತಂಡವನ್ನು ಸೋಲಿಸುವುದು ಕಷ್ಟವೇ ಸರಿ.

ಆದರೂ 1908 ಅವರಿಗೆ ಸುಲಭದ ವರ್ಷವಾಗಿರಲಿಲ್ಲ. ಮ್ಯಾನೇಜರ್ ಜಾನ್ ಮೆಗ್ರಾ ಅವರ ನ್ಯೂಯಾರ್ಕ್ ಜಯಂಟ್ಸ್ ತಂಡದಲ್ಲಿ ಆ ವರ್ಷ 37 ಪಂದ್ಯ ಗೆದ್ದುಕೊಟ್ಟ ಪಿಚರ್ ಕ್ರಿಸ್ಟಿ ಮ್ಯಾಥ್ಯೂಸನ್ ಇದ್ದರು. ಪಿಟ್ಸ್‌ಬರ್ಗ್ ತಂಡದಲ್ಲಿ ಲೀಗ್‌ನ ಶ್ರೇಷ್ಠ ಬ್ಯಾಟ್ಸ್‌ಮನ್ ಹೋನಸ್ ವ್ಯಾಗ್ನರ್ ಇದ್ದರು. ಮೂರೂ ತಂಡಗಳು ಸೆಪ್ಟೆಂಬರ್ ಕೊನೆಯವರೆಗೂ ಹೆಗಲಿಗೆ ಹೆಗಲು ತಾಗಿಸಿಕೊಂಡೇ ಓಡಿದವು. ಸೆಪ್ಟೆಂಬರ್ 22ರಂದು ಕಬ್ಸ್ ಪೋಲೊ ಗ್ರೌಂಡ್ಸ್‌ನಲ್ಲಿ ಒಂದೇ ದಿನ ಎರಡು ಪಂದ್ಯ ಗೆದ್ದಾಗ ಜಯಂಟ್ಸ್ ತಂಡದ ಮುನ್ನಡೆ ಕೂದಲೆಳೆಯಷ್ಟಾಯಿತು.

ಮರುದಿನ ಜಯಂಟ್ಸ್ ತಂಡದ ಮೊದಲನೆಯ ಬೇಸ್ ಕಾಯುವ ಫ್ರೆಡ್ ಟೆನಿ ಅವರಿಗೆ ಸೊಂಟ ಹಿಡಿದುಕೊಂಡಿತ್ತು. ಅವರ ಬದಲಿಗೆ ಹತ್ತೊಂಬತ್ತು ವರ್ಷದ ಫ್ರೆಡ್ ಮರ್ಕಲ್ ಕಣಕ್ಕಿಳಿದ. ಆ ಋತುವಿನಲ್ಲಿ ಅವನು ಆರಂಭದಿಂದಲೇ ಆಡಿದ ಮೊದಲ ಪಂದ್ಯ ಅದು. ಕಬ್ಸ್ ಪರ ಜ್ಯಾಕ್ ಫೀಸ್ಟರ್, ಜಯಂಟ್ಸ್ ಪರ ಮ್ಯಾಥ್ಯೂಸನ್ ಚೆಂಡೆಸೆದರು. ಕಬ್ಸ್ ತಂಡದ ಏಕೈಕ ರನ್ ಟಿಂಕರ್ ಅವರ, ಒಂದೇ ಹೊಡೆತದಲ್ಲಿ ಪೂರ್ತಿ ಸುತ್ತು ಮುಗಿಸುವ ಹೋಮ್ ರನ್‌ನಿಂದ ಬಂತು. ಜಯಂಟ್ಸ್ ಸಮ ಮಾಡಿಕೊಂಡಿತು. ಒಂಬತ್ತನೆಯ ಇನಿಂಗ್ಸ್‌ನ ಉತ್ತರಾರ್ಧದಲ್ಲಿ ಜಯಂಟ್ಸ್‌ನ ಇಬ್ಬರು ಔಟ್ ಆಗಿದ್ದು, ಮೆಕಾರ್ಮಿಕ್ ಮೊದಲನೆಯ ಬೇಸ್‌ನಲ್ಲಿದ್ದಾಗ ಮರ್ಕಲ್ ಬ್ಯಾಟ್ ಹಿಡಿದು ಬಂದ. ಅವನು ಬಲಗಡೆಗೆ ಹೊಡೆದ ಸೊಗಸಾದ ಹೊಡೆತದಿಂದ ಮೆಕಾರ್ಮಿಕ್ ಮೂರನೆಯ ಬೇಸ್ ತಲುಪಿದರು. ಈ ಹೊಡೆತ ಇಲ್ಲದಿದ್ದರೆ ಮುಂದಿನ ಯಾವ ವಿವಾದಕ್ಕೂ ಅವಕಾಶವೇ ಇರುತ್ತಿರಲಿಲ್ಲ ಎಂಬುದನ್ನು ಮರ್ಕಲ್‌ನನ್ನು ಹಳಿಯುವವರು ನೆನೆಯುವುದಿಲ್ಲ. ಮುಂದೆ ಬಂದ ಆಲ್ ಬ್ರಿಡ್‌ವೆಲ್ ನಟ್ಟನಡುವೆ ಚೆಂಡು ಹೊಡೆದರು; ಮೆಕಾರ್ಮಿಕ್ ಓಡಿ ಬಂದು ಹೋಮ್ ಪ್ಲೇಟ್ ಮುಟ್ಟಿದರು; ಜನ ಮೈದಾನಕ್ಕೆ ನುಗ್ಗಿದರು; ಮರ್ಕಲ್ ಅರ್ಧ ದಾರಿಯಿಂದ ಆಟಗಾರರ ಕೊಠಡಿಯತ್ತ ತಿರುಗಿದ.

ಎವರ್ಸ್ ಎರಡನೆಯ ಬೇಸ್‌ನಲ್ಲಿ ನಿಂತು ಚೆಂಡಿಗಾಗಿ ಕೂಗಿದರು. ಇಲ್ಲಿಂದ ಮುಂದಿನದರ ಬಗ್ಗೆ ಕಣ್ಣಾರೆ ಕಂಡವರ ಹೇಳಿಕೆಗಳೇ ಕವಲೊಡೆಯುತ್ತವೆ. ಕಬ್ಸ್ ತಂಡದ ಹಾಫ್‌ಮನ್ ಎಸೆದ ಚೆಂಡು ಎವರ್ಸ್ ಅವರನ್ನು ತಲುಪುವ ಮೊದಲೇ, ಏನೋ ನಡೆಯುತ್ತಿದೆಯೆಂದು ಅರಿತ ಜಯಂಟ್ಸ್ ತಂಡದ ಜೋ ಮೆಗಿನಿಟಿ ಅದನ್ನು ಕಿತ್ತುಕೊಂಡು ಜನರ ನಡುವೆ ಎಸೆದರೆಂದು ಕಬ್ಸ್ ಆಟಗಾರರು ಹೇಳಿದರು. ಎವರ್ಸ್ ಕೊನೆಗೆ ಎತ್ತಿ ತೋರಿಸಿದ್ದು ಬ್ರಿಡ್‌ವೆಲ್ ಹೊಡೆದ ಅದೇ ಚೆಂಡೋ ಬೇರೆಯದೋ ಎಂಬ ವಾದ ಅಂದೇ ಹುಟ್ಟಿ ಇಂದಿಗೂ ಬಗೆಹರಿದಿಲ್ಲ. ಬೇಸ್‌ಗಳ ಬಳಿಯಿದ್ದ ಅಂಪೈರ್ ಬಾಬ್ ಎಮ್ಸ್ಲಿ ತಾವು ನೋಡಲಿಲ್ಲವೆಂದರು. ಓಡೇ ಮಾತ್ರ ನೋಡಿದ್ದರು. ಮರ್ಕಲ್ ಫೋರ್ಸ್ ಔಟ್, ರನ್ ಇಲ್ಲ ಎಂದು ಅವರು ತೀರ್ಪಿತ್ತರು. ಸಾವಿರಾರು ಜನ ಮೈದಾನದಲ್ಲಿ ತುಂಬಿಕೊಂಡಿದ್ದು ಕತ್ತಲೂ ಕವಿಯುತ್ತಿದ್ದುದರಿಂದ ಆಟ ಮುಂದುವರಿಸಲಾಗದೆ ಪಂದ್ಯ 1–1ರ ಸಮದಲ್ಲಿ ಮುಗಿಯಿತು.

ನ್ಯಾಯದ ಪ್ರಶ್ನೆಗೆ ನನ್ನ ಉತ್ತರ ಇದು: ತೀರ್ಪು ನಿಯಮದ ಪ್ರಕಾರ ಸರಿಯಾಗಿತ್ತು. ರೂಢಿ ಎಷ್ಟೇ ಹಳೆಯದಾದರೂ ಬರೆದ ನಿಯಮವನ್ನು ಮೀರುವಂತಿರಲಿಲ್ಲ. ಅದರಲ್ಲೂ ಸೆಪ್ಟೆಂಬರ್ 4ರ ದೂರು ಲೀಗ್‌ನ ಅಧ್ಯಕ್ಷರವರೆಗೆ ಹೋಗಿದ್ದುದರಿಂದ ಯಾವ ತಂಡವೂ ಈ ನಿಯಮ ತನಗೆ ಗೊತ್ತಿರಲಿಲ್ಲವೆಂದು ಹೇಳುವಂತಿರಲಿಲ್ಲ. ಆದರೆ ಹೊಣೆ ಯಾರದು ಎಂಬುದು ಬೇರೆಯ ಪ್ರಶ್ನೆ. ಪಿಟ್ಸ್‌ಬರ್ಗ್‌ನಲ್ಲಿ ನಡೆದದ್ದನ್ನು ತಿಳಿದು ತನ್ನ ಆಟಗಾರರನ್ನು ಎಚ್ಚರಿಸಬೇಕಾಗಿದ್ದವರು ತಂಡವನ್ನು ನಡೆಸುವವರು. ಅಪರೂಪಕ್ಕೆ ಕಣಕ್ಕಿಳಿಯುವ ಹತ್ತೊಂಬತ್ತರ ಹುಡುಗನಲ್ಲ.

ಇನ್ನು ಅದೃಷ್ಟದ ಮಾತು. ಮರ್ಕಲ್ ಪ್ರಸಂಗದ ಮೂರು ದಿನಗಳ ನಂತರ, ಸೆಪ್ಟೆಂಬರ್ 26ರಂದು, ರೂಲ್‌ಬಾಕ್ ಬ್ರೂಕ್ಲಿನ್ ತಂಡದ ಎದುರು ಒಂದೇ ದಿನ ಎರಡು ಪೂರ್ಣ ಪಂದ್ಯಗಳಲ್ಲಿ ಚೆಂಡೆಸೆದು, ಎರಡರಲ್ಲೂ ಎದುರಾಳಿಗೆ ಒಂದು ರನ್ನನ್ನೂ ಬಿಟ್ಟುಕೊಡಲಿಲ್ಲ. ಅಮೆರಿಕದ ಮೇಜರ್ ಲೀಗ್ ಇತಿಹಾಸದಲ್ಲಿ ಈ ಸಾಧನೆ ಮಾಡಿದವರು ಅವರೊಬ್ಬರೇ. ಅದೇ ಹೊತ್ತಿಗೆ ಜಯಂಟ್ಸ್ ತಂಡ ತನ್ನ ಕೈಯಿಂದಲೇ ಅವಕಾಶ ಜಾರಿಸಿಕೊಳ್ಳುತ್ತಿತ್ತು: ಫಿಲಡೆಲ್ಫಿಯಾ ತಂಡದ ಹ್ಯಾರಿ ಕೊವೆಲೆಸ್ಕಿ ಎಂಬ ಹೊಸ ಪಿಚರ್ ಸೆಪ್ಟೆಂಬರ್ 29ರಿಂದ ಅಕ್ಟೋಬರ್ 3ರವರೆಗಿನ ಐದು ದಿನಗಳಲ್ಲಿ ಅವರನ್ನು ಮೂರು ಬಾರಿ ಸೋಲಿಸಿದರು. ಆ ಮೂರರಲ್ಲಿ ಒಂದನ್ನು ಗೆದ್ದಿದ್ದರೂ ಮರ್ಕಲ್‌ನ ಹೆಸರು ಇಂದು ಯಾರ ಬಾಯಲ್ಲೂ ಇರುತ್ತಿರಲಿಲ್ಲ. ಅಕ್ಟೋಬರ್ 4ರಂದು ಚಿಕಾಗೊದ ವೆಸ್ಟ್ ಸೈಡ್ ಗ್ರೌಂಡ್ಸ್‌ನಲ್ಲಿ ಕಬ್ಸ್ ತಂಡ ಪೈರೇಟ್ಸ್ ತಂಡವನ್ನು 5–2ರಿಂದ ಸೋಲಿಸಿತು. ಆ ಪಂದ್ಯ ಗೆದ್ದಿದ್ದರೆ ಪಿಟ್ಸ್‌ಬರ್ಗ್ ತಂಡವೇ ಲೀಗ್ ಗೆಲ್ಲುತ್ತಿತ್ತು. ಜಯಂಟ್ಸ್ ತಂಡ ಬಾಸ್ಟನ್ ಎದುರಿನ ಕೊನೆಯ ಮೂರೂ ಪಂದ್ಯ ಗೆದ್ದು ಕಬ್ಸ್ ಜೊತೆ ಸಮಕ್ಕೆ ಬಂತು. ಎರಡೂ ತಂಡಗಳದು 98 ಗೆಲುವು, 55 ಸೋಲು.

ಪುಲ್ಲಿಯಂ ಅಂಪೈರ್ ತೀರ್ಪನ್ನು ಎತ್ತಿಹಿಡಿದಿದ್ದರು. ಜಯಂಟ್ಸ್ ತಾವು ಗೆದ್ದೆವೆಂದೂ, ಕಬ್ಸ್, ಜಯಂಟ್ಸ್ ಮರುದಿನವೇ ಮತ್ತೆ ಆಡದ್ದರಿಂದ ಪಂದ್ಯ ತಮಗೇ ಸೇರಬೇಕೆಂದೂ ವಾದಿಸಿದವು. ಲೀಗ್‌ನ ನಿರ್ದೇಶಕರ ಮಂಡಳಿ ಎರಡೂ ವಾದಗಳನ್ನು ಒಪ್ಪದೆ, ಅಕ್ಟೋಬರ್ 8ರಂದು ಪೋಲೊ ಗ್ರೌಂಡ್ಸ್‌ನಲ್ಲೇ ಆ ಪಂದ್ಯವನ್ನು ಮತ್ತೆ ಆಡಬೇಕೆಂದು ಆದೇಶಿಸಿತು.

ನಿಮ್ಮ ಪ್ರಶ್ನೆಯಲ್ಲಿ ಒಂದು ಸಣ್ಣ ತಪ್ಪಿರುವುದು ಇಲ್ಲೇ. ಕಬ್ಸ್ ತಂಡಕ್ಕೆ ಪ್ರಶಸ್ತಿಯನ್ನು ಯಾರೂ ತೀರ್ಪಿನ ಮೂಲಕ ಕೊಡಲಿಲ್ಲ. ಅವರು ಎದುರಾಳಿಯ ಮೈದಾನಕ್ಕೆ ಹೋಗಿ, ಎದುರಾಳಿಯ ಪ್ರೇಕ್ಷಕರ ನಡುವೆ, ಆ ಕಾಲದ ಅತ್ಯುತ್ತಮ ಪಿಚರ್‌ಗಳಲ್ಲೊಬ್ಬರನ್ನು ಎದುರಿಸಿ ಅದನ್ನು ಗೆಲ್ಲಬೇಕಾಯಿತು. ಆ ದಿನ ಟಿಕೆಟ್ ಸಿಕ್ಕದವರು ಮೈದಾನದ ಹಿಂದಿನ ಎತ್ತರದ ರೈಲು ಹಳಿಯ ಮೇಲೂ ಹತ್ತಿ ಕುಳಿತಿದ್ದರು. ಮೊದಲ ಇನಿಂಗ್ಸ್‌ನಲ್ಲೇ ಫೀಸ್ಟರ್ ಎಡವಿ ರನ್ ಬಿಟ್ಟುಕೊಟ್ಟಾಗ ಚಾನ್ಸ್ ತಡಮಾಡದೆ ಬ್ರೌನ್ ಅವರನ್ನು ಕರೆದರು. ಮೂರನೆಯ ಇನಿಂಗ್ಸ್‌ನಲ್ಲಿ ಟಿಂಕರ್ ಹೊಡೆದ ಚೆಂಡು ಜಯಂಟ್ಸ್ ತಂಡದ ಕ್ಷೇತ್ರರಕ್ಷಕ ಸೈ ಸೀಮೂರ್ ಅವರ ತಲೆಯ ಮೇಲಿಂದ ಹಾರಿಹೋಯಿತು. ಅಲ್ಲಿಂದ ಕಬ್ಸ್ ನಾಲ್ಕು ರನ್ ಕಲೆಹಾಕಿತು, ಕೊನೆಯವು ಚಾನ್ಸ್ ಅವರದೇ ಹೊಡೆತದಿಂದ. ಉಳಿದದ್ದನ್ನು ಬ್ರೌನ್ ಅವರ ಮುರುಕು ಕೈ ನೋಡಿಕೊಂಡಿತು. ಫಲಿತಾಂಶ 4–2. ರೊಚ್ಚಿಗೆದ್ದ ಜನ ಆಟಗಾರರ ಮೇಲೆ ಬಿದ್ದಾಗ ಚಾನ್ಸ್ ಅವರ ಕುತ್ತಿಗೆಗೆ ಪೆಟ್ಟಾಯಿತು. ಪೊಲೀಸರ ಕಾವಲಿನಲ್ಲಿ ತಂಡ ಹೊರಬರಬೇಕಾಯಿತು. ಅಂತಿಮ ಲೆಕ್ಕ: ಕಬ್ಸ್ 99–55, ಜಯಂಟ್ಸ್ ಮತ್ತು ಪೈರೇಟ್ಸ್ ತಲಾ 98–56.

ಇಷ್ಟೆಲ್ಲ ಆದ ಮೇಲೆ ವರ್ಲ್ಡ್ ಸೀರೀಸ್ ಸಪ್ಪೆಯಾಗಿಯೇ ಕಾಣುತ್ತದೆ. ಟೈ ಕಾಬ್ ಇದ್ದ ಡೆಟ್ರಾಯಿಟ್ ತಂಡವನ್ನು ಕಬ್ಸ್ 4–1ರಿಂದ ಸೋಲಿಸಿತು. ಕೊನೆಯ ಎರಡು ಪಂದ್ಯಗಳಲ್ಲಿ ಬ್ರೌನ್ ಮತ್ತು ಆರ್ವಲ್ ಓವರಾಲ್ ಒಂದೂ ರನ್ ಕೊಡಲಿಲ್ಲ. ಅಕ್ಟೋಬರ್ 14ರ ನಿರ್ಣಾಯಕ ಪಂದ್ಯವನ್ನು ನೋಡಲು ಬಂದವರು 6,210 ಜನ. ವರ್ಲ್ಡ್ ಸೀರೀಸ್ ಇತಿಹಾಸದ ಅತಿ ಕಡಿಮೆ ಸಂಖ್ಯೆ ಅದು. ಸತತ ಎರಡು ಬಾರಿ ಆ ಪ್ರಶಸ್ತಿ ಗೆದ್ದ ಮೊದಲ ತಂಡ ಕಬ್ಸ್. ಮುಂದಿನದಕ್ಕಾಗಿ ಅವರು 2016ರವರೆಗೆ, ಅಂದರೆ 108 ವರ್ಷ ಕಾಯಬೇಕಾಗುತ್ತದೆಂದು ಅಂದು ಯಾರೂ ಊಹಿಸಿರಲಾರರು.

ಪುಲ್ಲಿಯಂ ಅವರ ಬಗ್ಗೆ ಒಂದು ಮಾತು. ತೀರ್ಪನ್ನು ಎತ್ತಿಹಿಡಿದದ್ದಕ್ಕಾಗಿ ನ್ಯೂಯಾರ್ಕಿನಲ್ಲಿ ಅವರ ಮೇಲೆ ನಿಂದೆಯ ಮಳೆಯೇ ಸುರಿಯಿತು. 1909ರ ಜುಲೈನಲ್ಲಿ ಅವರು ತಮ್ಮ ಜೀವವನ್ನು ತಾವೇ ಕಳೆದುಕೊಂಡರು. ಅವರ ಮನಸ್ಸು ಆ ಮೊದಲೇ ಹಲವು ಕಾರಣಗಳಿಂದ ಬಳಲಿತ್ತು; ಒಂದು ಪಂದ್ಯಕ್ಕೆ ಆ ಸಾವನ್ನು ಗಂಟು ಹಾಕುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ.

ಮರ್ಕಲ್‌ಗೆ ಪತ್ರಿಕೆಗಳು ‘ಬೋನ್‌ಹೆಡ್’ ಎಂಬ ಹೆಸರಿಟ್ಟವು. ತಲೆಯಲ್ಲಿ ಮಿದುಳಿನ ಬದಲು ಮೂಳೆಯೇ ತುಂಬಿದೆ ಎಂಬ ಅರ್ಥದ ಬೈಗುಳ ಅದು, ಬದುಕಿನುದ್ದಕ್ಕೂ ಅವರನ್ನು ಬಿಡಲಿಲ್ಲ. ಮ್ಯಾನೇಜರ್ ಮೆಗ್ರಾ ಮಾತ್ರ ಅವರನ್ನು ಎಂದೂ ದೂರಲಿಲ್ಲ. ಸಂಬಳ ಹೆಚ್ಚಿಸಿ ತಂಡದಲ್ಲೇ ಉಳಿಸಿಕೊಂಡರು. ಮರ್ಕಲ್ ವರ್ಷಗಳ ಕಾಲ ಜಯಂಟ್ಸ್ ತಂಡದ ಮೊದಲನೆಯ ಬೇಸ್ ಕಾಯ್ದು, ಚುರುಕು ಬುದ್ಧಿಯ ಆಟಗಾರನೆಂದು ಸಹ ಆಟಗಾರರಿಂದ ಹೆಸರು ಪಡೆದರು. ಮೂರು ತಂಡಗಳ ಪರವಾಗಿ ಐದು ವರ್ಲ್ಡ್ ಸೀರೀಸ್ ಆಡಿದರು, ಐದರಲ್ಲೂ ಅವರ ತಂಡವೇ ಸೋತಿತು. ಆ ಐದರಲ್ಲಿ ಕೊನೆಯದು 1918ರದು. ಆಗ ಅವರು ಆಡುತ್ತಿದ್ದದ್ದು ಕಬ್ಸ್ ತಂಡದ ಪರವಾಗಿ, ಹತ್ತು ವರ್ಷಗಳ ಹಿಂದೆ ಚಾನ್ಸ್ ನಿಲ್ಲುತ್ತಿದ್ದ ಅದೇ ಮೊದಲನೆಯ ಬೇಸ್‌ನಲ್ಲಿ. ಆಟ ಬಿಟ್ಟ ಮೇಲೆ ಬಹುಕಾಲ ಅವರು ಬೇಸ್‌ಬಾಲ್‌ನಿಂದ ದೂರವೇ ಉಳಿದರು. 1950ರಲ್ಲಿ ಹಳೆಯ ಆಟಗಾರರ ಸಮಾರಂಭಕ್ಕಾಗಿ ಪೋಲೊ ಗ್ರೌಂಡ್ಸ್‌ಗೆ ಮರಳಿ ಬಂದಾಗ, ನ್ಯೂಯಾರ್ಕಿನ ಪ್ರೇಕ್ಷಕರು ಅವರನ್ನು ಚಪ್ಪಾಳೆಯಿಂದ ಬರಮಾಡಿಕೊಂಡರು. ಆರು ವರ್ಷಗಳ ನಂತರ, 1956ರಲ್ಲಿ, ಅವರು ತೀರಿಕೊಂಡರು.